ಕಂಜಿ ಕಲಿಯೋದು ಹೇಗೆ, ಕಲಿತಿದ್ದು ಮರೀದೇ ಇರೋದು ಹೇಗೆ

ಜಪಾನೀಸ್ ಕಲೀತಾ ಹಿರಗಾನ ಕತಕಾನ ಅನ್ನೋ ಎರಡು ಅಕ್ಷರಮಾಲೆ ಮುಗಿಸಿ, ಚೀನಾದಿಂದ ಬಂದ ಅಕ್ಷರಗಳಾದ ಕಂಜಿ ಹತ್ರ ಬಂದು ನಿಂತಿರೋರಿಗೆ, ಅಥವಾ ಜೆಎಲ್‌ಪಿಟಿ ಅನ್ನೋ ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಸುಲಭದ ಹಂತವಾದ ಎನ್5 ಪಾಸಾಗಿ ಅದ್ರ ಮೇಲಿನ ಎನ್4ಗೆ ಓದ್ತಾ ಇರುವಾಗ ಕಲಿತದ್ದೆಲ್ಲ ಒಂದಕ್ಕೊಂದು ಕಲಸಿ ಹೋಗ್ತಿದೆ ಅನ್ನೋರಿಗೆ ಇದನ್ನ ಬರೀತಿದ್ದೀನಿ. ನಾನು ಹೇಳೋದು ಮುಖ್ಯವಾಗಿ ಒಂದೇ ವಿಷಯ, ಕಂಜಿನ ಒಂಟಿಯಾಗಿ ಇಟ್ಕೊಂಡು ಪುಟಗಟ್ಟಲೆ ಬರೆದು ಕಲೀಬೇಡಿ, ಅದನ್ನ ಒಡೆದು ನೋಡಿ, ಆಮೇಲೆ ಒಂದು ಪದದ ಒಳಗೆ ಇಟ್ಟು ಕಲೀರಿ. ಕನ್ನಡ ಬರೋರಿಗೆ ಈ ಕೆಲಸದಲ್ಲಿ ಎಷ್ಟೋ ಭಾಗ ಆಗ್ಲೇ ತಲೇಲಿ ಇದೆ, ನಾವು ಇಂಗ್ಲಿಷಲ್ಲಿ ಬರೆದ ಪುಸ್ತಕ ಇಟ್ಕೊಂಡು ಇಂಗ್ಲಿಷ್ ಮೂಲಕ ಕಲಿಯೋದ್ರಿಂದ ಅದು ಉಪಯೋಗಕ್ಕೇ ಬರಲ್ಲ, ಅದಕ್ಕೇ ಕನ್ನಡದ ಕಡೆಯಿಂದ ಹೇಳ್ತೀನಿ.

ಓದೋಕೆ ಮುಂಚೆ ಒಂದು ಕೆಲಸ ಮಾಡಿ. ಫೋನಿನ ಕೀಬೋರ್ಡ್‌ಗೆ ಜಪಾನೀಸ್ ಸೇರಿಸ್ಕೊಳ್ಳಿ. ಇಲ್ಲಿ ಎಲ್ಲಾ ಉಚ್ಚಾರಣೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೀನಿ, ನೀವು ಒಂದೊಂದು ಪದ ಬಂದಾಗ್ಲೂ ಟೈಪ್ ಮಾಡಿ ಕಂಜಿ ತೆಗೆದು ನೋಡ್ತಾ ಹೋಗಿ, ಸುಮ್ನೆ ಓದ್ಕೊಂಡು ಹೋದ್ರೆ ಇದ್ರಿಂದ ಏನೂ ಸಿಗಲ್ಲ. ಹಾಗೇ ಫೋನಿನ ಸೆಟ್ಟಿಂಗ್ಸಲ್ಲಿ ಭಾಷೆಗಳ ಪಟ್ಟಿಗೂ ಜಪಾನೀಸ್ ಸೇರಿಸಿ, ಚೈನೀಸ್ ಇದ್ರೆ ಅದಕ್ಕಿಂತ ಮೇಲೆ ಇಡಿ. ಯಾಕಂದ್ರೆ ಯೂನಿಕೋಡಲ್ಲಿ ಚೀನಾ ಅಕ್ಷರಕ್ಕೂ ಜಪಾನ್ ಅಕ್ಷರಕ್ಕೂ ಎಷ್ಟೋ ಕಡೆ ಒಂದೇ ಕೋಡ್ ಕೊಟ್ಟಿದ್ದಾರೆ, ಫಾಂಟ್ ಚೈನೀಸ್ ಆಗಿದ್ರೆ ಮೂಳೆ ಅನ್ನೋ 'ಹೊನೆ', ಸರಿಪಡಿಸು ಅನ್ನೋ 'ನಓಸು' ತರದ ಕಂಜಿಗಳು ಬೇರೆ ರೂಪದಲ್ಲಿ ಕಾಣ್ತವೆ, ನೀವು ಅದನ್ನೇ ನೋಡ್ಕೊಂಡು ಬರೆದು ರೂಢಿ ಮಾಡ್ಕೊಂಡ್ರೆ ಆಮೇಲೆ ತಿದ್ದೋದು ಕಷ್ಟ.

ಎಷ್ಟು ಕಲೀಬೇಕು

ಜಪಾನ್ ಸರ್ಕಾರದ ನಿತ್ಯ ಬಳಕೆಯ ಪಟ್ಟಿ, ಅದಕ್ಕೆ ಜೋಯೋ ಕಂಜಿ ಅಂತಾರೆ, 2010ರಲ್ಲಿ ಪರಿಷ್ಕರಣೆ ಆದ ಮೇಲೆ ಅದ್ರಲ್ಲಿ 2136 ಇದೆ. ಅದ್ರಲ್ಲಿ 1026ನ್ನ ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ ಕಲೀತಾರೆ, ಒಂದನೇ ಕ್ಲಾಸಲ್ಲಿ ಬರೀ 80, ಎರಡನೇ ಕ್ಲಾಸಲ್ಲಿ 160. ಮನೇಲಿ ಬೆಳಗಿಂದ ರಾತ್ರಿವರೆಗೆ ಜಪಾನೀಸೇ ಕೇಳೋ ಮಗೂಗೆ ಇಷ್ಟು ನಿಧಾನವಾಗಿ ಕಲಿಸ್ತಾರೆ ಅಂದ್ಮೇಲೆ ಆಫೀಸ್ ಮುಗಿಸಿ ರಾತ್ರಿ ಕೂತು ಓದೋ ನಾವು ಮೂರು ತಿಂಗಳಲ್ಲಿ 2000 ಅನ್ನೋ ವೀಡಿಯೋಗಳನ್ನ ನಂಬಿ ಬೇಜಾರಾಗೋದು ಬೇಡ. ಜೆಎಲ್‌ಪಿಟಿಗೆ 2010ರ ನಂತರ ಅಧಿಕೃತ ಕಂಜಿ ಪಟ್ಟಿ ಇಲ್ಲ, ಆದ್ರೂ ಎಲ್ರೂ ಇಟ್ಕೊಳ್ಳೋ ಅಂದಾಜು ಅಂದ್ರೆ ಎನ್5ಗೆ 100, ಎನ್4ಗೆ 300, ಎನ್3ಗೆ 650, ಎನ್2ಗೆ 1000, ಎನ್1ಗೆ 2000. ದಿನಕ್ಕೆ ಹೊಸದು ನಾಲ್ಕೋ ಐದೋ ಸಾಕು, ನಿಜವಾಗ್ಲೂ ಸಾಕು. ದಿನಕ್ಕೆ ಐದು ಅಂದ್ರೂ ಲೆಕ್ಕದ ಪ್ರಕಾರ ವರ್ಷಕ್ಕೆ 1800 ದಾಟುತ್ತೆ, ತೊಂದ್ರೆ ಇರೋದು ಹೊಸದು ಕಲಿಯೋದ್ರಲ್ಲಲ್ಲ, ಹಳೇದನ್ನ ಉಳಿಸ್ಕೊಳ್ಳೋದ್ರಲ್ಲಿ.

ಒಂದು ಕಂಜಿಗೆ ಯಾಕೆ ಎರಡೆರಡು ಓದು

ಇಲ್ಲೇ ಹೆಚ್ಚಿನೋರು ಸೋತು ಬಿಡೋದು, ಮತ್ತೆ ಇಲ್ಲೇ ಕನ್ನಡದವರಿಗೆ ಎಲ್ಲಕ್ಕಿಂತ ಹೆಚ್ಚು ಅನುಕೂಲ ಇರೋದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ನಾವು ಬಾಯಾರಿದಾಗ ಜಲ ಕೊಡಿ ಅನ್ನಲ್ಲ, ನೀರು ಕೊಡಿ ಅಂತೀವಿ. ಆದ್ರೆ ಜಲಾಶಯ, ಜಲಪಾತ, ಜಲಮಂಡಳಿ ಅನ್ನುವಾಗ ನೀರು ಬರಲ್ಲ, ಜಲ ಬರುತ್ತೆ. ಬೆಂಕಿ ಬೇರೆ, ಬೆಟ್ಟ ಬೇರೆ, ಎರಡೂ ಸೇರಿದ್ರೆ ಅಗ್ನಿಪರ್ವತ. ಇದನ್ನ ಯಾರೂ ನಮಗೆ ನಿಯಮ ಅಂತ ಹೇಳಿಕೊಟ್ಟಿಲ್ಲ, ಹಾಗೇ ಬರುತ್ತೆ. ಜಪಾನೀಸಲ್ಲೂ ಹೀಗೇ ಎರಡು ಪದರ ಇದೆ. ಅವರ ಸ್ವಂತ ಮಾತು ಕುನ್‌ಯೋಮಿ, ಚೀನಾದಿಂದ ಅಕ್ಷರದ ಜೊತೆ ಬಂದ ಉಚ್ಚಾರಣೆ ಓನ್‌ಯೋಮಿ. ನೀರು ಒಂಟಿಯಾಗಿ ಇದ್ರೆ 'ಮಿಜು', ಜೋಡಿಪದದಲ್ಲಿ 'ಸುಯ್'. ನಲ್ಲಿ ನೀರಿನ ವ್ಯವಸ್ಥೆ 'ಸುಯ್‌ದೋ', ಈಜು 'ಸುಯ್‌ಏ'. ಬೆಂಕಿ 'ಹಿ', ಬೆಟ್ಟ 'ಯಮ', ಎರಡೂ ಸೇರಿ ಅಗ್ನಿಪರ್ವತ ಆದ್ರೆ 'ಕಜನ್', ಅಂದ್ರೆ 'ಕ' ಮತ್ತೆ 'ಸನ್' ಸೇರಿದ್ದು. ಮುಂದೆ ಯಾವ್ದೇ ಕಂಜಿ ಬಂದ್ರೂ ಇದು ನೀರೋ ಜಲವೋ ಅಂತ ಒಂದು ಸಲ ಮನಸ್ಸಲ್ಲಿ ಕೇಳ್ಕೊಳ್ಳಿ. ಒಂಟಿಯಾಗಿದ್ರೆ ಅಥವಾ ಹಿಂದೆ ಹಿರಗಾನ ಬಾಲ ಇದ್ರೆ ಸಾಮಾನ್ಯವಾಗಿ ಕುನ್, ಎರಡು ಮೂರು ಕಂಜಿ ಬಾಲ ಇಲ್ದೇ ಅಂಟಿಕೊಂಡಿದ್ರೆ ಸಾಮಾನ್ಯವಾಗಿ ಓನ್. ಇದು ಕಾನೂನಲ್ಲ, ಆದ್ರೆ ಗೊತ್ತಿಲ್ಲದ ಪದ ಬಂದಾಗ ಊಹೆ ಮಾಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ಇನ್ನೂ ಇದೆ. ಶಾಲೇಲಿ ಅರಿಸಮಾಸ ಓದಿದ್ದೀವಲ್ಲ, ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿ ಸಮಾಸ ಮಾಡೋದು, ಅದು ಜಪಾನೀಸಲ್ಲೂ ಇದೆ, ಮೊದಲನೇದು ಓನ್ ಎರಡನೇದು ಕುನ್ ಆದ್ರೆ ಜೂಬಕೊ ಓದು, ತಿರುಗಾಮುರುಗಾ ಆದ್ರೆ ಯುತೋ ಓದು ಅಂತ ಹೆಸರೇ ಇಟ್ಟಿದ್ದಾರೆ. ಅಡುಗೆಮನೆ 'ದಾಯ್‌ದೊಕೊರೊ' ಮೊದಲನೇ ತರ, ಜಾಗ ಅನ್ನೋ 'ಬಶೊ' ಎರಡನೇ ತರ. ಹಾಗಾಗಿ ಮೇಲಿನ ನಿಯಮ ಕೈಕೊಟ್ಟ ಕೂಡ್ಲೇ ಗಾಬರಿ ಆಗ್ಬೇಡಿ, ಇದೊಂದು ಅರಿಸಮಾಸ ಅಂತ ಗುರುತು ಹಾಕ್ಕೊಂಡು ಮುಂದೆ ಹೋಗಿ.

ಆಮೇಲೆ ಆದೇಶ ಸಂಧಿ. ಮಳೆ ಪ್ಲಸ್ ಕಾಲ ಮಳೆಗಾಲ, ಬೆಟ್ಟ ಪ್ಲಸ್ ತಾವರೆ ಬೆಟ್ಟದಾವರೆ, ಕಣ್ ಪ್ಲಸ್ ಪನಿ ಕಂಬನಿ, ಅಂದ್ರೆ ಎರಡನೇ ಪದದ ಶುರುವಿನ ಕ ತ ಪ ಹೋಗಿ ಗ ದ ಬ ಬರುತ್ತೆ. ಜಪಾನೀಸ್ ಕ್ಲಾಸಲ್ಲಿ ರೆಂದಕು ಅಂತ ಒಂದು ಪಾಠ ಬರುತ್ತೆ, ಅದು ಇದೇ! ಕೈ 'ತೆ', ಕಾಗದ 'ಕಮಿ', ಸೇರಿದ್ರೆ ಪತ್ರ, 'ತೆಗಮಿ'. ಹೂವು 'ಹನ', ಬೆಂಕಿ 'ಹಿ', ಸೇರಿದ್ರೆ ಪಟಾಕಿ, 'ಹನಬಿ'. ಇಲ್ಲಿ ಹ ಹೋಗಿ ಬ ಯಾಕೆ ಬಂತು ಅಂದ್ರೆ ಜಪಾನೀಸಿನ ಹ ಹಿಂದೊಂದು ಕಾಲದಲ್ಲಿ ಪ ಆಗಿತ್ತು, ಹಳಗನ್ನಡದ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ. ಎರಡು ಭಾಷೆಗೂ ನಂಟು ಅಂತ ನಾನು ಹೇಳ್ತಿಲ್ಲ, ಆದ್ರೆ ಕಂಬನಿ ಗೊತ್ತಿರೋರಿಗೆ ಹನಬಿ ವಿಚಿತ್ರ ಅನ್ಸಲ್ಲ.

ಇದೆಲ್ಲದ್ರಿಂದ ಬರೋ ಬುದ್ಧಿ ಏನಪ್ಪ ಅಂದ್ರೆ, ಒಂದು ಕಂಜಿಗೆ ಇರೋ ಓದುಗಳ ಪಟ್ಟಿನ ಬಾಯಿಪಾಠ ಮಾಡಬಾರ್ದು. ಹುಟ್ಟು, ಬದುಕು, ಹಸಿ ಅನ್ನೋ ಅರ್ಥ ಇರೋ ಒಂದು ಕಂಜಿ ಇದೆ, ಮೇಷ್ಟ್ರಿಗೆ ಹೇಳೋ ಸೆನ್ಸೇ ಅನ್ನೋ ಪದದ ಎರಡನೇ ಅಕ್ಷರ. ಅದು ವಿದ್ಯಾರ್ಥಿ 'ಗಕುಸೇ'ಯಲ್ಲಿ ಸೇ, ಹುಟ್ಟುಹಬ್ಬ 'ತಂಜೋಬಿ'ಯಲ್ಲಿ ಜೋ, ಬದುಕು ಅನ್ನೋ 'ಇಕಿರು'ವಲ್ಲಿ ಇ, ಹುಟ್ಟು ಅನ್ನೋ 'ಉಮರೆರು'ವಲ್ಲಿ ಉ, ಒಂಟಿಯಾಗಿ ಹಸಿ ಅನ್ನೋ 'ನಮ'. ಇದನ್ನ ಪಟ್ಟಿಯಾಗಿ ಓದಿದ್ರೆ ನಾಳೆ ಬೆಳಗ್ಗೆ ಒಂದೂ ನೆನಪಿರಲ್ಲ, ಆದ್ರೆ ಸೆನ್ಸೇ, ಗಕುಸೇ, ತಂಜೋಬಿ ಅನ್ನೋ ಪದಗಳು ನಿಮಗೆ ಬಂದೇ ಬರ್ತವೆ, ಪದ ಬಂದ್ರೆ ಓದು ಅದ್ರ ಹಿಂದೇನೇ ಬರುತ್ತೆ. ಒಂದು ಹೊಸ ಕಂಜಿಗೆ ಎರಡೋ ಮೂರೋ ಪದ, ಅದ್ರಲ್ಲಿ ಒಂದಾದ್ರೂ ನಿಮಗೆ ಕಿವಿಯಲ್ಲಿ ಕೇಳಿ ಗೊತ್ತಿರೋದು, ಇಷ್ಟು ಇಟ್ಕೊಳ್ಳಿ.

ಉದಾಹರಣೆಗೆ ವಿದ್ಯುತ್ ಅನ್ನೋ 'ದೆನ್' ತಗೊಳ್ಳಿ. ದೆನ್ಶ ರೈಲು, ದೆನ್ವ ಫೋನು, ದೆಂಕಿ ಕರೆಂಟು, ದೆಂಚಿ ಬ್ಯಾಟರಿ, ತೇದೆನ್ ಕರೆಂಟ್ ಹೋಗೋದು, ಜೂದೆನ್ ಚಾರ್ಜ್ ಮಾಡೋದು. ಒಂದು ಅಕ್ಷರಕ್ಕೆ ಕೂತಿದ್ದಕ್ಕೆ ಆರು ಪದ ಬಂತು, ಮತ್ತೆ ಆ ಆರು ಪದದ ಇನ್ನೊಂದು ಅಕ್ಷರ ಇದೆಯಲ್ಲ, ಗಾಡಿ, ಮಾತು, ಕೊಳ, ನಿಲ್ಲು, ತುಂಬು, ಅವು ಮುಂದೆ ಕಲಿಯೋಕೆ ಸಾಲಾಗಿ ನಿಂತಿರ್ತವೆ.

ಒಡೆದು ನೋಡೋದು

ಇಪ್ಪತ್ತು ಗೆರೆ ಇರೋ ಕಂಜಿ ಅಂದ್ರೆ ಇಪ್ಪತ್ತು ಗೆರೆ ನೆನಪಿಡೋದಲ್ಲ, ಮೂರೋ ನಾಲ್ಕೋ ತುಂಡು ನೆನಪಿಡೋದು. ನಿಘಂಟುಗಳಲ್ಲಿ 214 ಬುಶು, ಅಂದ್ರೆ ಕಂಜಿಗಳನ್ನ ವಿಂಗಡಿಸೋ ತುಂಡುಗಳು, ಅಂತ ಪಟ್ಟಿ ಇರುತ್ತೆ, 1716ರ ಚೀನಾದ ಕಾಂಗ್‌ಶಿ ನಿಘಂಟಿನಿಂದ ಗಟ್ಟಿಯಾಗಿ ನಿಂತದ್ದು, ಅದನ್ನೆಲ್ಲ ಮೊದ್ಲೇ ಕಲಿಯೋಕೆ ಹೋಗ್ಬೇಡಿ, ಪದೇ ಪದೇ ಬರೋ ಮೂವತ್ತು ನಲವತ್ತು ಸಾಕು. ಎಡಗಡೆ ಮೂರು ಚುಕ್ಕಿ ಇದ್ರೆ ನೀರಿನ ವಿಷಯ. ಎಡಗಡೆ ಕೈ ಇದ್ರೆ ಹಿಡಿಯೋದು, ಎಸೆಯೋದು, ತಳ್ಳೋದು. ಎಡಗಡೆ ಮಾತು ಇದ್ರೆ ಹೇಳೋದು, ಓದೋದು, ಭಾಷೆ. ತಲೆ ಮೇಲೆ ಹುಲ್ಲು ಇದ್ರೆ ಗಿಡ, ಹೂವು, ಟೀ, ಔಷಧಿ. ತಲೆ ಮೇಲೆ ಮಳೆ ಇದ್ರೆ ಹಿಮ, ಮೋಡ, ಗುಡುಗು, ಮೇಲೆ ಹೇಳಿದ ದೆನ್ ಕೂಡ ಇದೇ ಮಳೆ ಕೆಳಗೇ ಇದೆ. ಮೇಲಿಂದ ಎಡಕ್ಕೆ ಇಳಿಯೋ ಚಪ್ಪರದ ಪಕ್ಕ ಎರಡು ಚುಕ್ಕಿ ಇದ್ರೆ ಕಾಯಿಲೆ, ನೋವು. ಒಂದು ಎಚ್ಚರ, ಚಂದ್ರ ತರ ಕಾಣೋ ತುಂಡು ದೇಹದ ಭಾಗಗಳ ಕಂಜಿಯಲ್ಲಿ ಬರುತ್ತೆ, ಎದೆ, ಹೊಟ್ಟೆ, ಶ್ವಾಸಕೋಶ, ಮೆದುಳು, ತೋಳು ಎಲ್ಲದ್ರಲ್ಲೂ, ಅದು ಚಂದ್ರ ಅಲ್ಲ, ಮಾಂಸ.

ಈಗ ಮುಖ್ಯವಾದದ್ದು. ಹೆಚ್ಚಿನ ಪಾಲು ಕಂಜಿಗಳಲ್ಲಿ ಒಂದು ತುಂಡು ಅರ್ಥ ಹೇಳುತ್ತೆ, ಇನ್ನೊಂದು ತುಂಡು ಉಚ್ಚಾರಣೆ ಹೇಳುತ್ತೆ. ಶುರುವಲ್ಲಿ ಕಲಿಯೋ ಮರ, ಬೆಟ್ಟ, ಸೂರ್ಯ ಇವೆಲ್ಲ ಚಿತ್ರದಿಂದ ಬಂದವು ಆದ್ದರಿಂದ ಎಲ್ಲಾನೂ ಚಿತ್ರ ಅನ್ನೋ ಭಾವನೆ ಬಂದುಬಿಡುತ್ತೆ, ಮುಂದೆ ಹೋದ ಹಾಗೆ ಚಿತ್ರ ಕಮ್ಮಿ, ಶಬ್ದ ಜಾಸ್ತಿ. ನೀಲಿ ಅನ್ನೋ ಕಂಜಿ 'ಅಓ', ಓನ್ ಓದು 'ಸೇ'. ಅದ್ರ ಎಡಕ್ಕೆ ಸೂರ್ಯ ಇಟ್ರೆ ಆಕಾಶ ತಿಳಿಯಾಗಿರೋದು, ಸೇ. ನೀರಿಟ್ರೆ ಶುದ್ಧ, ಸೇ. ಮಾತಿಟ್ರೆ ಕೇಳ್ಕೊಳ್ಳೋದು, ಸೇ, ಬಿಲ್ ಅನ್ನೋ 'ಸೇಕ್ಯೂಶೊ'ದಲ್ಲಿ ಬರೋದು ಇದೇ. ಅಕ್ಕಿ ಇಟ್ರೆ ಸಾರ ಅನ್ನೋ ಅರ್ಥ, ಅದೂ ಸೇ. ಮನಸ್ಸು ಇಟ್ರೆ ಮಾತ್ರ ಭಾವನೆ, ಸಾಮಾನ್ಯವಾಗಿ ಜೋ, ಇದೊಂದು ಬೇರೆ ಹೋಯ್ತು. ಇನ್ನೊಂದು ಗುಂಪು, ಉಲ್ಟಾ ಅನ್ನೋ 'ಹನ್'. ಊಟದ ತುಂಡು ಸೇರಿದ್ರೆ ಅನ್ನ, 'ಗೊಹನ್'ನ ಹನ್. ಕವಡೆ ಚಿಪ್ಪು, ಅಂದ್ರೆ ದುಡ್ಡಿನ ತುಂಡು, ಸೇರಿದ್ರೆ ಮಾರಾಟ, 'ಹನ್‌ಬಾಯ್'ನ ಹನ್. ಮರ ಸೇರಿದ್ರೆ ಹಲಗೆ, ಹನ್ ಅಥವಾ ಬನ್, ಸಾಫ್ಟ್‌ವೇರ್ ಆಫೀಸುಗಳಲ್ಲಿ ದಿನಾ ಕೇಳೋ 'ಕನ್‌ಬನ್'ನ ಬನ್ ಇದೇ ಹಲಗೆ.

ಇಂಥ ಗುಂಪುಗಳಿಗೆ ಒಂದು ಪ್ರತ್ಯೇಕ ನೋಟ್‌ಬುಕ್ ಇಡಿ. ಪುಟದ ಮೇಲೆ ಶಬ್ದದ ತುಂಡು, ಕೆಳಗೆ ಅದ್ರ ಮಕ್ಕಳು, ತಪ್ಪಿಸಿಕೊಂಡು ಹೋದವಕ್ಕೆ ಕೆಂಪು ಗೆರೆ. ರೆಡಿಮೇಡ್ ಪಟ್ಟಿ ನೆಟ್ಟಲ್ಲಿ ಸಿಗುತ್ತೆ ಆದ್ರೆ ನೀವೇ ಬರೆದದ್ದು ಉಳಿಯೋ ಹಾಗೆ ಅದು ಉಳಿಯಲ್ಲ. 300 ಕಂಜಿ ದಾಟಿದ ಮೇಲೆ ಈ ನೋಟ್‌ಬುಕ್ಕಿನ ಬೆಲೆ ಗೊತ್ತಾಗುತ್ತೆ, ನೋಡದೇ ಇರೋ ಕಂಜಿನೂ ಸರಿಯಾಗಿ ಓದೋಕೆ ಶುರು ಮಾಡ್ತೀರಿ.

ವಾರದ ಹೆಸರಿಂದ ಶುರು ಮಾಡಿ

ಮೊದಲ ಏಳು ಕಂಜಿ ಯಾವ್ದು ಅಂತ ನನ್ನ ಕೇಳಿದ್ರೆ ಒಂದು ಎರಡು ಮೂರು ಅಲ್ಲ, ವಾರದ ಏಳು. ನಮ್ಮ ಸೋಮ ಮಂಗಳ ಬುಧ ಗುರು ಶುಕ್ರ ಶನಿ ರವಿ ಇದೆಯಲ್ಲ, ಜಪಾನಲ್ಲೂ ಅವೇ ಏಳು ಗ್ರಹ, ಅದೇ ಕ್ರಮ. ಭಾರತದ ಗ್ರಹಗಣಿತ ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ ಅಲ್ಲಿಂದ 806ರಲ್ಲಿ ಕೂಕಾಯ್ ಅನ್ನೋ ಭಿಕ್ಷು ವಾಪಸ್ ಬರುವಾಗ ತಂದ ಗ್ರಂಥದ ಮೂಲಕ ಜಪಾನಿಗೆ ಬಂತು. ಚಂದ್ರ 'ಗೆತ್ಸು' ಸೋಮವಾರ. ಮಂಗಳ ಗ್ರಹ ಅವರಿಗೆ ಬೆಂಕಿ ನಕ್ಷತ್ರ 'ಕಸೇ', ಹಾಗಾಗಿ ಮಂಗಳವಾರ 'ಕ'. ಬುಧ ನೀರಿನ ನಕ್ಷತ್ರ, 'ಸುಯ್'. ಗುರು ಮರದ್ದು, 'ಮೊಕು'. ಶುಕ್ರ ಚಿನ್ನ ಅಥವಾ ಲೋಹ, 'ಕಿನ್'. ಶನಿ ಮಣ್ಣು, 'ದೊ'. ಸೂರ್ಯ 'ನಿಚಿ' ಭಾನುವಾರ. ಈ ಏಳರಲ್ಲಿ ವಾರ ಬಂತು, ಗ್ರಹ ಬಂತು, ಮತ್ತೆ ಏಳೂ ಮುಂದೆ ನೂರಾರು ಕಂಜಿ ಒಳಗೆ ತುಂಡಾಗಿ ಬರ್ತವೆ. ಸೂರ್ಯ ಚಂದ್ರ ಪಕ್ಕಪಕ್ಕ ಇಟ್ರೆ ಬೆಳಕು, ಮರ ಎರಡಾದ್ರೆ ತೋಪು, ಮೂರಾದ್ರೆ ಕಾಡು, ಮರದ ಪಕ್ಕ ಮನುಷ್ಯ ನಿಂತ್ರೆ ವಿಶ್ರಾಂತಿ, ಬೆಂಕಿ ಪಕ್ಕ ಗದ್ದೆ ಇದ್ರೆ ಹೊಲ.

ನೆನಪಿನ ಕೊಕ್ಕೆ ಕನ್ನಡದಲ್ಲೇ ಹಾಕಿ

ನೆನಪಿಗೆ ಕಥೆ ಕಟ್ಟೋ ವಿಧಾನ ಎಲ್ರಿಗೂ ಗೊತ್ತು, ಆದ್ರೆ ಅದನ್ನ ಇಂಗ್ಲಿಷಲ್ಲಿ ಬೇರೆ ಯಾರೋ ಕಟ್ಟಿದ್ದನ್ನ ಓದಿದ್ರೆ ಕಥೆನ ನೆನಪಿಡೋದೇ ಇನ್ನೊಂದು ಕೆಲಸ ಆಗುತ್ತೆ. ನಿಮ್ಮ ಮಾತಲ್ಲೇ ಕಟ್ಟಿ, ಎಷ್ಟು ಹುಚ್ಚುಚ್ಚಾಗಿದ್ರೆ ಅಷ್ಟು ಒಳ್ಳೇದು. ಮಳೆ 'ಅಮೆ', ಮಳೆ ಬಂತು ಅಂತ ಆಮೆ ಹೊರಗೆ ಬಂತು. ತಟ್ಟೆ 'ಸರ', ಮದುವೆ ಮನೇಲಿ ತಟ್ಟೆ ತುಂಬ ಚಿನ್ನದ ಸರ ಇಟ್ಟಿದ್ದಾರೆ. ಬಾಯಿ 'ಕುಚಿ', ಬಾಯಿಗೆ ಕುಚ್ಚಲಕ್ಕಿ ಗಂಜಿ. ಬೆಂಕಿ 'ಕ', ಬೆಂಕಿ ಹತ್ರ ಕಾವು. ದುಡ್ಡು 'ಕನೆ', ತಿಂಗಳ ಕೊನೇಲಿ ಕಾಣೆ. ಘಾಟಿ ಅನ್ನೋಕೆ ಜಪಾನಲ್ಲೇ ಹುಟ್ಟಿದ ಕಂಜಿ ಇದೆ, 'ತೋಗೆ', ಬೆಟ್ಟದ ಪಕ್ಕ ಮೇಲೆ ಅನ್ನೋದು, ಅದ್ರ ಕೆಳಗೆ ಕೆಳಗೆ ಅನ್ನೋದು, ಚಾರ್ಮಾಡಿ ಹತ್ತಿ ಇಳಿದೋರಿಗೆ ಇದಕ್ಕೆ ಬೇರೆ ಕಥೆನೇ ಬೇಡ. ಕೊಕ್ಕೆ ತಾತ್ಕಾಲಿಕ ಅನ್ನೋದು ನೆನಪಿರಲಿ, ಪದ ಹತ್ತು ಸಲ ಓದೋದ್ರಲ್ಲಿ ಸಿಕ್ಕಿದ ಮೇಲೆ ಅದು ತಾನೇ ಬಿದ್ದು ಹೋಗುತ್ತೆ, ಬೀಳಲಿ ಬಿಡಿ.

ಉಚ್ಚಾರಣೆನ ರೋಮನ್ ಅಕ್ಷರದಲ್ಲಿ ಬರ್ಕೊಳ್ಳೋದು ಮಾತ್ರ ಇವತ್ತೇ ನಿಲ್ಲಿಸಿ. ನೆನಪಿಗೆ ಮಾಡ್ಕೊಳ್ಳೋ ಕಾರ್ಡಲ್ಲಿ ಹಿರಗಾನ ಇರಲಿ, ಅರ್ಜೆಂಟಾಗಿ ಬರ್ಕೊಳ್ಳೋಕೆ ಕನ್ನಡ ಅಕ್ಷರ ಇರಲಿ. ಎ ಏ, ಒ ಓ ಹ್ರಸ್ವ ದೀರ್ಘ ಎರಡೂ ಕನ್ನಡದಲ್ಲಿದೆ, ಜಪಾನೀಸಿಗೂ ಅದು ಬೇಕು. ಅತ್ತೆ 'ಒಬಸನ್', ಅಜ್ಜಿ 'ಒಬಾಸನ್', ರೋಮನ್‌ನಲ್ಲಿ ಅವಸರದಲ್ಲಿ ಬರೆದ್ರೆ ಎರಡೂ ಒಂದೇ ಆಗುತ್ತೆ. 'ಕಿತೆ' ಅಂದ್ರೆ ಬಾ, 'ಕಿತ್ತೆ' ಅಂದ್ರೆ ಅಂಚೆ ಚೀಟಿ, ಒತ್ತಕ್ಷರ ಬರೆದು ಬೆಳೆದ ನಮಗೆ ಇದು ತಪ್ಪೋಕೆ ಸಾಧ್ಯನೇ ಇಲ್ಲ.

ಕೈಯಲ್ಲಿ ಬರೀಬೇಕಾ

ಜೆಎಲ್‌ಪಿಟಿಯಲ್ಲಿ ಬರೆಯೋ ಪ್ರಶ್ನೆ ಇಲ್ಲ, ಎಲ್ಲಾ ಆಯ್ಕೆ ಮಾಡೋದೇ. ಜಪಾನಿನವರೇ ಫೋನಲ್ಲಿ ಟೈಪ್ ಮಾಡಿ ಮಾಡಿ ಕೈಬರಹದಲ್ಲಿ ಕಂಜಿ ಮರೀತಾರೆ. ಆದ್ರೂ ಮೊದಲ 200, 300 ಕಂಜಿನ ಕೈಯಲ್ಲಿ ಬರೀಲೇಬೇಕು ಅಂತ ನಾನು ಹೇಳ್ತೀನಿ, ಯಾಕಂದ್ರೆ ತುಂಡುಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣೋಕೆ ಶುರುವಾಗೋದು ಕೈ ಹೋದಾಗ್ಲೇ. ಆಮೇಲೆ ಬೇಕಾದ್ರೆ ಬಿಡಿ. ಕನ್‌ಕೆನ್ ಅನ್ನೋ ಕಂಜಿ ಪರೀಕ್ಷೆ ಬರೆಯೋ ಆಸೆ ಇದ್ರೆ ಬಿಡೋ ಹಾಗಿಲ್ಲ, ಅದ್ರಲ್ಲಿ 10ನೇ ಹಂತ ಒಂದನೇ ಕ್ಲಾಸಿನ 80 ಕಂಜಿ, 2ನೇ ಹಂತಕ್ಕೆ ಪೂರ್ತಿ 2136, ಮತ್ತೆ ಅದ್ರಲ್ಲಿ ಬರೆಸ್ತಾರೆ.

ಲೆಕ್ಕದ ಚೌಕಚೌಕ ನೋಟ್‌ಬುಕ್ ತಗೊಳ್ಳಿ, ನಾಲ್ಕು ಚೌಕ ಸೇರಿಸಿ ಒಂದು ಕಂಜಿಗೆ. ಗೆರೆಗಳ ಕ್ರಮ ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಮೊದಲು ಉದ್ದಗೆರೆ ಆಮೇಲೆ, ಪೆಟ್ಟಿಗೆ ಇದ್ರೆ ಹೊರಗಿನ ಗೋಡೆ, ಒಳಗಿನ ಸಾಮಾನು, ಕೊನೇಲಿ ಕೆಳಗಿನ ಗೆರೆ ಹಾಕಿ ಮುಚ್ಚೋದು, ದೇಶ ಅನ್ನೋ 'ಕುನಿ' ಬರೆದು ನೋಡಿ ಗೊತ್ತಾಗುತ್ತೆ. ನಡುವೆ ತೂರಿ ಹೋಗೋ ಉದ್ದಗೆರೆ ಕೊನೆಗೆ, ಗಾಡಿ ಅನ್ನೋ 'ಕುರುಮ'ದಲ್ಲಿ ಹಾಗೆ. ಅಪವಾದ ಇದೆ, ಎಡ ಅನ್ನೋ 'ಹಿದರಿ'ಗೆ ಅಡ್ಡಗೆರೆ ಮೊದಲು, ಬಲ ಅನ್ನೋ 'ಮಿಗಿ'ಗೆ ಓರೆಗೆರೆ ಮೊದಲು, ನೋಡೋಕೆ ಮಾತ್ರ ಮೇಲ್ಭಾಗ ಎರಡೂ ಒಂದೇ ತರ. ನೋಡ್ಕೊಂಡು ಇಪ್ಪತ್ತು ಸಲ ಬರೆಯೋದು ಬೇಡ. ಒಂದು ಸಲ ನೋಡಿ, ಪುಸ್ತಕ ಮುಚ್ಚಿ, ನೋಡದೇ ಬರೀರಿ, ತೆಗೆದು ಸರಿ ನೋಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡದೇ ಬರೀರಿ. ತಲೆ ಒಳಗಿಂದ ಹುಡುಕಿ ತೆಗೆದಾಗ್ಲೇ ನೆನಪು ಗಟ್ಟಿಯಾಗೋದು, ಕಣ್ಣಿಂದ ಕೈಗೆ ನಕಲು ಮಾಡಿದ್ರೆ ಕೈ ನೋಯುತ್ತೆ ಅಷ್ಟೇ.

ಒಂದೇ ತರ ಕಾಣೋವು

ಇವನ್ನ ಬೇರೆ ಬೇರೆ ದಿನ ಕಲಿತು ಕಲಸಿಕೊಳ್ಳೋ ಬದ್ಲು ಜೋಡಿಯಾಗಿ ಎದುರಾಬದುರು ಇಟ್ಟು ವ್ಯತ್ಯಾಸ ಇರೋ ಜಾಗನ ಮಾತ್ರ ನೋಡಿ. ಕಾಯೋದು 'ಮತ್ಸು', ಹಿಡ್ಕೊಳ್ಳೋದು 'ಮೊತ್ಸು', ಎರಡರ ಬಲಗಡೆನೂ ದೇವಸ್ಥಾನ ಅನ್ನೋ 'ತೆರ'. ಎಡಗಡೆ ಕೈ ಇದ್ರೆ ಹಿಡ್ಕೊಳ್ಳೋದು, ನಡೆಯೋ ದಾರಿಯ ತುಂಡು ಇದ್ರೆ ದಾರಿ ನೋಡ್ತಾ ಕಾಯೋದು. ಮರದ ಮೇಲೆ ಇನ್ನೊಂದು ಅಡ್ಡಗೆರೆ ಹಾಕಿದ್ರೆ ಎರಡು ಕಂಜಿ ಆಗುತ್ತೆ, ಮೇಲಿನ ಗೆರೆ ಚಿಕ್ಕದಾದ್ರೆ ಇನ್ನೂ ಇಲ್ಲ ಅನ್ನೋ 'ಮಿ', ಭವಿಷ್ಯ ಅನ್ನೋ 'ಮಿರಾಯ್'ದು, ಮರ ಇನ್ನೂ ಬೆಳೀತಿದೆ. ಮೇಲಿನ ಗೆರೆ ಉದ್ದವಾದ್ರೆ ಕೊನೆ ಅನ್ನೋ 'ಮತ್ಸು', ವಾರದ ಕೊನೆ 'ಶೂಮತ್ಸು'ದು, ಕೊಂಬೆ ತುದಿ ಮುಟ್ಟಿತು. ಬಾಗಿಲಿನ ಒಳಗೆ ಬಾಯಿ ಇದ್ರೆ ಪ್ರಶ್ನೆ, ಕಿವಿ ಇದ್ರೆ ಕೇಳಿಸ್ಕೊಳ್ಳೋದು, ಸೂರ್ಯ ಇದ್ರೆ ನಡುವಿನ ಸಂದು.

ಆಂಕಿ ಮತ್ತೆ ದಿನದ ಕೆಲಸ

1885ರಲ್ಲೇ ಎಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ, ಕಲಿತದ್ರಲ್ಲಿ ಹೆಚ್ಚಿನದು ಶುರುವಲ್ಲೇ ಬೇಗ ಮರೆತು ಹೋಗುತ್ತೆ, ಬಿಟ್ಟು ಬಿಟ್ಟು ಮತ್ತೆ ನೋಡಿದ್ರೆ ಉಳಿಯುತ್ತೆ. ಆ ಬಿಟ್ಟು ಬಿಟ್ಟು ನೋಡೋ ಲೆಕ್ಕನ ಆಂಕಿ ಅನ್ನೋ, ಮುಂದೆ ಪ್ರಶ್ನೆ ಹಿಂದೆ ಉತ್ತರ ಇರೋ ಕಾರ್ಡುಗಳ ಸಾಫ್ಟ್‌ವೇರ್ ಮಾಡ್ಕೊಡುತ್ತೆ, ಕಂಪ್ಯೂಟರಲ್ಲೂ ಆಂಡ್ರಾಯ್ಡಲ್ಲೂ ಫ್ರೀ, ಐಫೋನಲ್ಲಿ ದುಡ್ಡು ಕೊಡ್ಬೇಕು. ಹಾಕಿದ ಕೂಡ್ಲೇ ಹೊಸ ಕಾರ್ಡ್ ದಿನಕ್ಕೆ 20 ಅಂತ ಇರುತ್ತೆ, ಅದನ್ನ ಮೊದಲು 8ಕ್ಕೋ 10ಕ್ಕೋ ಇಳಿಸಿ. ಎಫ್‌ಎಸ್‌ಆರ್‌ಎಸ್ ಅನ್ನೋ ಹೊಸ ಲೆಕ್ಕದ ಆಯ್ಕೆ ಇದೆ, ಆನ್ ಮಾಡಿ.

ಕಾರ್ಡ್ ಮುಂದೆ ಒಂಟಿ ಕಂಜಿ ಹಾಕ್ಬೇಡಿ, ಒಂದು ಚಿಕ್ಕ ವಾಕ್ಯ ಹಾಕಿ, ಅದ್ರಲ್ಲಿ ಕಲಿಯೋ ಪದ ದಪ್ಪಗೆ. ಹಿಂದೆ ಹಿರಗಾನ ಓದು, ಕನ್ನಡ ಅರ್ಥ, ನಿಮ್ಮ ಕೊಕ್ಕೆ, ಆಗೋದಾದ್ರೆ ಧ್ವನಿ. ವಾಕ್ಯ ಅರ್ಥ ಮಾಡ್ಕೊಳ್ಳೋಕೆ ಕನ್ನಡದವರಿಗೆ ಕಷ್ಟ ಆಗಲ್ಲ, ಕ್ರಿಯಾಪದ ಕೊನೇಲಿ, ವಿಭಕ್ತಿ ಪದದ ಹಿಂದೆ, ಎಲ್ಲಾ ನಮ್ಮ ಕ್ರಮದಲ್ಲೇ ಇರುತ್ತೆ. ಉತ್ತರ ಬಾಯಿಬಿಟ್ಟು ಹೇಳಿ ಆಮೇಲೆ ತಿರುಗಿಸಿ, ಬಸ್ಸಲ್ಲೋ ಮೆಟ್ರೋದಲ್ಲೋ ಇದ್ರೆ ತುಟಿಯಲ್ಲಾದ್ರೂ ಹೇಳಿ. ಒಂದು ಕಾರ್ಡ್ 8 ಸಲ ತಪ್ಪಿದ್ರೆ ಆಂಕಿ ಅದಕ್ಕೆ ಲೀಚ್, ಅಂದ್ರೆ ಜಿಗಣೆ, ಅಂತ ಗುರುತು ಹಾಕುತ್ತೆ, ಸೆಟ್ಟಿಂಗ್ ಹಾಗಿದ್ರೆ ಬದಿಗೂ ಇಡುತ್ತೆ. ಅದನ್ನ ಹಾಗೇ ವಾಪಸ್ ತಂದು ಗುದ್ದಾಡಬೇಡಿ, ತುಂಡು ಬೇರೆ ತರ ಒಡೆದು, ಕೊಕ್ಕೆ ಹೊಸದು ಹಾಕಿ, ವಾಕ್ಯ ಬದಲಾಯಿಸಿ ಆಮೇಲೆ ತನ್ನಿ.

ಓದೋದು ಕೂಡ ಇದ್ರ ಜೊತೆಗೇ ನಡೀಬೇಕು, ಎನ್3 ಆದ ಮೇಲೆ ಓದ್ತೀನಿ ಅಂತ ಕಾಯೋದು ಬೇಡ. ಮಕ್ಕಳ ಮಂಗಾಗಳಲ್ಲಿ, ಅಂದ್ರೆ ಜಪಾನೀಸ್ ಕಾಮಿಕ್ಸಲ್ಲಿ, ಕಂಜಿ ಪಕ್ಕ ಚಿಕ್ಕದಾಗಿ ಹಿರಗಾನ ಇರುತ್ತೆ, ಫುರಿಗಾನ ಅಂತಾರೆ, ಅದ್ರಿಂದ ಶುರು ಮಾಡಿ. ಹೆಸರುಗಳೂ ಒಳ್ಳೇ ಅಭ್ಯಾಸ. ತನಕ ಗದ್ದೆ ನಡು, ನಕಮುರ ನಡು ಹಳ್ಳಿ, ಕಿಮುರ ಮರದ ಹಳ್ಳಿ, ಇಶಿಕವ ಕಲ್ಲು ಹೊಳೆ. ನಮ್ಮ ರಸ್ತೇಲಿ ಓಡೋ ಗಾಡಿಗಳ ಹೆಸರೂ ಮೂಲದಲ್ಲಿ ಮನೆತನದ ಹೆಸರುಗಳೇ, ಯಮಹ ಬೆಟ್ಟದ ಎಲೆ, ಸುಜುಕಿ ಗಂಟೆ ಮರ, ಹೋಂಡ ಮೂಲ ಗದ್ದೆ, ಇಲ್ಲಿ ತ ಹೋಗಿ ದ ಬಂದದ್ದು ಬೆಟ್ಟದಾವರೆಯಲ್ಲಿ ಬಂದ ಹಾಗೇ. ಸಿಗ್ನಲಲ್ಲಿ ನಿಂತಾಗ ಮುಂದಿನ ಗಾಡಿ ಹೆಸರನ್ನ ಮನಸ್ಸಲ್ಲೇ ಕಂಜಿಯಲ್ಲಿ ಬರೆದು ನೋಡಿ.

ಊರಿಗೆ ಹೋಗಿಯೋ ಹುಷಾರಿಲ್ದೆಯೋ ಒಂದೆರಡು ವಾರ ಬಿಟ್ಟು ವಾಪಸ್ ಬಂದಾಗ ನೂರಾರು ಕಾರ್ಡ್ ರಾಶಿ ಬಿದ್ದಿರುತ್ತೆ, ಎಷ್ಟೋ ಜನ ಕಂಜಿನ ಪೂರ್ತಿ ಬಿಡೋದು ಆ ದಿನ. ಆ ರಾಶಿನ ಅಳಿಸ್ಬೇಡಿ, ಒಂದೇ ದಿನ ಮುಗಿಸೋಕೂ ಕೂರ್ಬೇಡಿ. ಹೊಸ ಕಾರ್ಡ್ ಸೊನ್ನೆ ಮಾಡಿ, ರಿವ್ಯೂ ದಿನಕ್ಕೆ 80ಕ್ಕೆ ನಿಲ್ಲಿಸಿ, ಮರೆತದ್ದು ಬಂದ್ರೆ ಮರೆತೆ ಅಂತಲೇ ಒತ್ತಿ, ರಾಶಿ ಕರಗಿ ಮಾಮೂಲಿ ಲೆಕ್ಕಕ್ಕೆ ಬಂದ ಮೇಲೆ ಮೊದಲ ವಾರ ದಿನಕ್ಕೆ ಎರಡು ಹೊಸದು, ಆಮೇಲೆ ನಾಲ್ಕು.